ಕೊಟ್ಟವನು ಕೋಡಂಗಿ

"ಪುಕ್ಕಟೆ ಕೊಟ್ಟರೂ ಬೇಡ ಅಂತಾರೇನಪ್ಪ?" ಎಂದು ಹಬ್ಬದ ಊಟದ ನಡುವೆ ಮಾವನವರು ಕೇಳಿದರೆ ಪ್ಯಾಚುಗಾರ ಉತ್ತರ ಹೇಳದೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ. ಅಳಿಯ ಬರೆದಿರುವುದು ಒಂದು ಡ್ರೈವರ್. ಕಂಪನಿ ತಯಾರಿಸುವ ಸ್ಟೋರೇಜ್ ಕಾರ್ಡಿಗೂ ಲಿನಕ್ಸಿಗೂ ನಡುವೆ ನಿಂತು ಮಾತುಕತೆ ನಡೆಸುವ ತಂತ್ರಾಂಶ ಅದು. ಬರೆದದ್ದಕ್ಕೆ ಸಂಬಳ ಕೊಟ್ಟದ್ದು ಕಂಪನಿ. ಬರೆದದ್ದನ್ನು ಲಿನಕ್ಸಿನ ತಿರುಳಾದ ಕರ್ನೆಲ್‌ಗೆ ಧರ್ಮಕ್ಕೆ ಕೊಡುತ್ತೇವೆ ಎನ್ನುವುದೂ ಕಂಪನಿಯೇ. ದೀಪಾವಳಿ ಕಳೆದು ಯುಗಾದಿ ಬಂತು, ಅಳಿಯ ಕೊಡುತ್ತಲೇ ಇದ್ದಾನೆ, ಕರ್ನೆಲ್ಲಿನವರು ಹಿಂದಕ್ಕೆ ಕಳಿಸುತ್ತಲೇ ಇದ್ದಾರೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಕಟ್ಟಿದವರಿಗೆ, ಇಸಕೊಳ್ಳಲಿಕ್ಕೇ ಒಪ್ಪದ ಈರಭದ್ರನೊಬ್ಬ ಇರಬಹುದೆಂದು ಹೊಳೆದಿರಲಿಕ್ಕಿಲ್ಲ.

ಕರ್ನೆಲ್‌ಗೆ ಪ್ಯಾಚು, ಅಂದರೆ ಕೋಡಿನ ಬದಲಾವಣೆ, ಕಳಿಸುತ್ತಲೇ ಇರುವ ಈ ಜಾತಿಯವರು ತೈಪೆಯಲ್ಲೂ ಇದ್ದಾರೆ, ಸ್ಯಾನ್ ಹೋಸೆಯಲ್ಲೂ ಇದ್ದಾರೆ. ಬೆಂಗಳೂರಿನಲ್ಲಿ ಕೊಂಚ ಹೆಚ್ಚು. ಸ್ಯಾಮ್‌ಸಂಗ್, ವೆಸ್ಟರ್ನ್ ಡಿಜಿಟಲ್, ಬ್ರಾಡ್‌ಕಾಮ್, ನೆಟ್‌ಆ್ಯಪ್ ಮುಂತಾದ ಸ್ಟೋರೇಜ್ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಇಲ್ಲಿವೆ. ಲಿನಕ್ಸಿನ ಹುಚ್ಚಂತೂ ಊರಿಗೆ ಹಳೆಯದು. 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು, ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ಕರ್ನೆಲ್ ಮಾತಾಡುವವರನ್ನು ವರ್ಷವರ್ಷವೂ ಒಂದೆಡೆ ಸೇರಿಸುತ್ತಿತ್ತು. ಪ್ಯಾಚುಗಾರನನ್ನು ಗುರುತಿಸಲು ಲ್ಯಾಪ್‌ಟಾಪ್ ಮೇಲಿನ ಪೆಂಗ್ವಿನ್ ಸ್ಟಿಕ್ಕರನ್ನು ನಂಬಬೇಡಿ, ಅದನ್ನು ಮಾರ್ಕೆಟಿಂಗಿನವರೂ ಅಂಟಿಸಿಕೊಂಡಿರುತ್ತಾರೆ. ಅವನು ಕಾಲವನ್ನು ಅಳೆಯುವ ರೀತಿ ನೋಡಿ. ಮನೆ ಬದಲಾಯಿಸಿದ್ದು ಯಾವಾಗ ಎಂದರೆ "ವಿ3 ಕಳಿಸಿದ ವಾರ" ಎನ್ನುತ್ತಾನೆ. ವಿ3 ಎಂದರೆ ಪ್ಯಾಚಿನ ಮೂರನೆಯ ಆವೃತ್ತಿ. ಹೆಂಡತಿಗೂ ಈ ಪಂಚಾಂಗ ಅಭ್ಯಾಸವಾಗಿದೆ.

ಕರ್ನೆಲ್ ಪ್ರವೇಶಕ್ಕೆ ಸುಲಭದ ಬಾಗಿಲು ಒಂದಿದೆ. ಜಗತ್ತಿನ ಪ್ರತಿ ಎನ್‌ವಿಎಂಇ ಡಿಸ್ಕೂ ತನ್ನದೇ ಆದ, ಬೇರೆ ಯಾವ ಡಿಸ್ಕಿಗೂ ಇರದ ಗುರುತಿನ ಸಂಖ್ಯೆ ಹೇಳಬೇಕು ಎಂಬುದು ನಿಯಮ. ಅಗ್ಗದ ಡಿಸ್ಕುಗಳನ್ನು ಮಾಡುವ ಕೆಲವರು ಒಂದೇ ಸಂಖ್ಯೆಯನ್ನು ಎಲ್ಲ ಡಿಸ್ಕಿಗೂ ಒತ್ತಿ ಕಳಿಸಿದರು. 2022ರಲ್ಲಿ ಕರ್ನೆಲ್ ಇದನ್ನು ಬಿಗಿಯಾಗಿ ಪರೀಕ್ಷಿಸತೊಡಗಿದಾಗ, ಒಂದೇ ಮಾದರಿಯ ಎರಡು ಡಿಸ್ಕು ಹಾಕಿಕೊಂಡವರಿಗೆ ಎರಡನೆಯದು ಕಾಣದಾಯಿತು. ಪರಿಹಾರವಾಗಿ ಡ್ರೈವರಿನಲ್ಲಿ ಒಂದು ಪಟ್ಟಿ ಬೆಳೆಯಿತು. ಈ ತಯಾರಕರ ಈ ಮಾದರಿ ಹೇಳುವ ಗುರುತು ಬೊಗಳೆ, ನಂಬಬೇಡಿ ಎಂದು ಹೇಳುವ ಪಟ್ಟಿ. ಅದಕ್ಕೆ ಎರಡು ಸಾಲು ಸೇರಿಸುವ ಪ್ಯಾಚು ತಕರಾರಿಲ್ಲದೆ ಒಳಗೆ ಹೋಗುತ್ತದೆ. ಹೀಗೆ ನಮ್ಮವನ ಹೆಸರು ಮೊದಲ ಬಾರಿ ಲಿನಕ್ಸಿನ ಇತಿಹಾಸದಲ್ಲಿ ದಾಖಲಾದದ್ದು ತನ್ನ ಕಂಪನಿಯ ಡಿಸ್ಕು ಸುಳ್ಳು ಹೇಳುತ್ತದೆ ಎಂಬ ಸಹಿಮಾಡಿದ ತಪ್ಪೊಪ್ಪಿಗೆಯ ಮೂಲಕ. ಅವನು ಅದನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಂಡ. ಫರ್ಮ್‌ವೇರ್ ತಂಡದವರು ಲೈಕ್ ಒತ್ತಲಿಲ್ಲ.

ಎರಡು ಸಾಲಿನ ಯಶಸ್ಸಿನಿಂದ ಹುರುಪಾಗಿ ಹತ್ತು ಸಾವಿರ ಸಾಲಿನ ಡ್ರೈವರನ್ನು ಕೈಗೆತ್ತಿಕೊಂಡಾಗ ನಿಜವಾದ ಜಾತಕ ಬಿಚ್ಚಿಕೊಳ್ಳುತ್ತದೆ. ಮೊದಲನೆಯದು ಮಡಿ. ಕರ್ನೆಲ್ಲಿನ ಕೋಡಿಂಗ್ ಶೈಲಿಯ ದಸ್ತಾವೇಜನ್ನು ಬರೆದವರು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್. ಸಾಲಿನ ಎಡಗಡೆ ಬಿಡುವ ಒಂದು ಟ್ಯಾಬ್ ಎಂದರೆ ಎಂಟು ಅಕ್ಷರದ ಅಗಲ. ಅದನ್ನು ನಾಲ್ಕಕ್ಕೋ ಎರಡಕ್ಕೋ ಇಳಿಸುವವರು ಪಾಷಂಡಿಗಳು, ಅದು ಪೈ ಬೆಲೆಯನ್ನು 3 ಎಂದು ಘೋಷಿಸಿದ್ದಕ್ಕೆ ಸಮ ಎಂದು ಅದರಲ್ಲಿ ಬರೆದಿದೆ. ಕಂಪನಿಯ ಕೋಡಿನಲ್ಲಿ ನಾಲ್ಕರ ಸಂಪ್ರದಾಯ. ಪ್ಯಾಚು ಕಳಿಸುವ ಮುನ್ನ ಚೆಕ್‌ಪ್ಯಾಚ್ ಎಂಬ ಪರೀಕ್ಷಕ ಸ್ಕ್ರಿಪ್ಟಿಗೆ ತೋರಿಸಬೇಕು. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಉಳಿದಿದ್ದರೂ ಅದಕ್ಕೆ ಕಾಣುತ್ತದೆ. ಸಾಲು 80 ಅಕ್ಷರ ಮೀರಬಾರದು ಎಂದು ವರ್ಷಗಟ್ಟಲೆ ಗದರಿಸುತ್ತಿದ್ದ ಆ ಸ್ಕ್ರಿಪ್ಟು 2020ರಲ್ಲಿ 100ಕ್ಕೆ ಸಡಿಲವಾಯಿತು. ವಿಮರ್ಶಕರ ಕಣ್ಣು ಎಲ್ಲ ಕಡೆಯೂ ಸಡಿಲವಾಗಲಿಲ್ಲ.

ಆಮೇಲೆ ಅಂಚೆ. ಪ್ಯಾಚು ಹೋಗಬೇಕಾದದ್ದು ಇಮೇಲ್‌ನಲ್ಲಿ, ಅಲಂಕಾರವಿಲ್ಲದ ಬರಿಯ ಪಠ್ಯವಾಗಿ. ಕಂಪನಿಯ ಮೇಲ್ ಸರ್ವರ್ ಟ್ಯಾಬ್‌ಗಳನ್ನು ನುಂಗಿ ಖಾಲಿ ಜಾಗ ಉಗುಳುತ್ತದೆ. ಜಿಮೇಲಿನ ಜಾಲಪುಟವೂ ಟ್ಯಾಬ್ ಕೆಡಿಸುತ್ತದೆ, ಪ್ಯಾಚಿಗೆ ಬಾರದು ಎಂದು ಕರ್ನೆಲ್ ದಸ್ತಾವೇಜಿನಲ್ಲೇ ಎಚ್ಚರಿಕೆ ಇದೆ. ಇಷ್ಟು ಸಾಲದೆಂದು ಕಂಪನಿಯ ಕಾನೂನು ವಿಭಾಗ ಪ್ರತಿ ಹೊರಹೋಗುವ ಮೇಲಿಗೂ ಬಾಲ ಕಟ್ಟುತ್ತದೆ: ಇದು ಗೋಪ್ಯ, ನಿಮಗಲ್ಲದಿದ್ದರೆ ಕೂಡಲೇ ಅಳಿಸಿ. ಇಡೀ ಜಗತ್ತು ಓದಲಿ ಎಂದು ಕಳಿಸಿದ ಕಾಗದದ ಬುಡದಲ್ಲಿ ಯಾರೂ ಓದಬೇಡಿ ಎಂಬ ಆಜ್ಞೆ! ಅಳಿಸಿ ಎಂದಿದ್ದೀರಿ, ಅಳಿಸಿದ್ದೇನೆ ಎಂದು ತಣ್ಣಗೆ ಉತ್ತರ ಬರೆಯುವ ವಿಮರ್ಶಕರಿದ್ದಾರೆ. ಐಟಿ ವಿಭಾಗಕ್ಕೆ ಟಿಕೆಟ್ ಹಾಕಿ, ಬಾಲ ಕತ್ತರಿಸಿದ ಒಂದು ವಿಳಾಸ ಗಿಟ್ಟಿಸುವಷ್ಟರಲ್ಲಿ ಡ್ರೈವರಿನ ಅರ್ಧ ಬರೆಯಬಹುದಿತ್ತು.

ಪ್ಯಾಚಿನ ಜೊತೆಗಿನ ವಿವರಣೆಗೂ ವ್ಯಾಕರಣವಿದೆ. "ಈ ಪ್ಯಾಚು ಹೀಗೆ ಮಾಡುತ್ತದೆ" ಎನ್ನುವಂತಿಲ್ಲ, ಕೋಡಿಗೆ ಅಪ್ಪಣೆ ಕೊಡುವ ಧಾಟಿಯಲ್ಲಿ "ಹೀಗೆ ಮಾಡು" ಎಂದು ಬರೆಯಬೇಕು. ದಿನವಿಡೀ ಬೇರೆಯವರ ಅಪ್ಪಣೆ ಕೇಳುವ ಮನುಷ್ಯನಿಗೆ ಇದೊಂದು ಸುಖ. ಕೊನೆಯಲ್ಲಿ ‘ಸೈನ್ಡ್ ಆಫ್ ಬೈ’ ಎಂಬ ಸಾಲು. ಅದು ಬಂದದ್ದು 2004ರಲ್ಲಿ. ಎಸ್‌ಸಿಒ ಎಂಬ ಕಂಪನಿ ಹಿಂದಿನ ವರ್ಷ ಐಬಿಎಂ ಮೇಲೆ ಮೊಕದ್ದಮೆ ಹೂಡಿ ಲಿನಕ್ಸಿನಲ್ಲಿ ನಮ್ಮ ಮಾಲು ಸೇರಿದೆ ಎಂದು ಕೂಗಾಡಿದ ಮೇಲೆ, ಪ್ರತಿ ಪ್ಯಾಚಿಗೂ ಇದನ್ನು ಕೊಡುವ ಹಕ್ಕು ನನಗಿದೆ ಎಂಬ ರುಜು ಕಡ್ಡಾಯವಾಯಿತು. ರುಜುವಿನ ಹೆಸರೂ ಮೇಲ್ ಕಳಿಸಿದವನ ಹೆಸರೂ ಒಂದೇ ಇರಬೇಕು. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ಲಾಗಿ ಮುಂದೆ ನಿಂತಿರುವ ಮೈಸೂರು ಸೀಮೆಯ ಹುಡುಗನನ್ನು ಕಂಪನಿಯ ಮೇಲ್ ವ್ಯವಸ್ಥೆ ಹಿಂದುಮುಂದು ಮಾಡಿ ನಡುವೆ ಅಲ್ಪವಿರಾಮ ಹಾಕಿರುತ್ತದೆ. ಚೆಕ್‌ಪ್ಯಾಚ್ ಇಬ್ಬರು ಬೇರೆ ಬೇರೆ ಮನುಷ್ಯರು ಎಂದು ತೀರ್ಪು ಕೊಡುತ್ತದೆ.

ವಿ1 ಕಳಿಸಿದ ರಾತ್ರಿ ಅವನು ನಿದ್ರೆ ಮಾಡುವುದಿಲ್ಲ. ಬೆಳಗಾಗುವುದರೊಳಗೆ ಉತ್ತರವೊಂದು ಬಂದೇ ಬಿಟ್ಟಿದೆ! ಕಳಿಸಿದ್ದು ಮನುಷ್ಯನಲ್ಲ, ಇಂಟೆಲ್ ನಡೆಸುವ ಪರೀಕ್ಷಾ ರೋಬೋಟು. ಅದು ಸಿಕ್ಕ ಪ್ಯಾಚನ್ನೆಲ್ಲ ಹತ್ತಾರು ಬಗೆಯ ಪ್ರೊಸೆಸರುಗಳಿಗಾಗಿ ಕಂಪೈಲ್ ಮಾಡಿ ನೋಡುತ್ತದೆ. ನಮ್ಮವನು ಡಿಸ್ಕಿನ ಗಾತ್ರವನ್ನು 64 ಬಿಟ್ಟಿನ ಸಂಖ್ಯೆಯಲ್ಲಿಟ್ಟು ನೇರವಾಗಿ ಭಾಗಿಸಿದ್ದಾನೆ. 32 ಬಿಟ್ಟಿನ ಯಂತ್ರಗಳಲ್ಲಿ ಕರ್ನೆಲ್ ಒಳಗೆ ಹಾಗೆ ಭಾಗಿಸುವಂತಿಲ್ಲ, ಅದಕ್ಕೆ ಬೇರೆ ಫಂಕ್ಷನ್ ಕರೆಯಬೇಕು. ಸ್ಟೋರೇಜ್ ಡ್ರೈವರ್ ಬರೆಯುವ ಹೊಸಬರು ಸಾಲಾಗಿ ಬೀಳುವ ಹಳ್ಳ ಇದು. ಹಳೆಯ ಮೊಟೊರೊಲಾ ಚಿಪ್ಪಿನ ಯಂತ್ರಕ್ಕೆ ತನ್ನ ಕಂಪನಿಯ ಕಾರ್ಡನ್ನು ಯಾವ ಪುಣ್ಯಾತ್ಮ ಸಿಕ್ಕಿಸುತ್ತಾನೆ ಎಂದು ಅವನು ಗೊಣಗುತ್ತಾನೆ, ಗೊಣಗುತ್ತಲೇ ತಿದ್ದುತ್ತಾನೆ. ರೋಬೋಟಿನ ಹತ್ತಿರ ವಾದ ನಡೆಯುವುದಿಲ್ಲ.

ಮನುಷ್ಯರ ಹತ್ತಿರವೂ ಅಷ್ಟೇ. ಒಂದು ವಾರ ಕಾದ ಮೇಲೆ ಮೊದಲ ವಿಮರ್ಶೆ ಬರುತ್ತದೆ. ಹತ್ತು ಸಾವಿರ ಸಾಲಿನಲ್ಲಿ ಅವರು ಓದಿರುವುದು ಮುನ್ನೂರು ಸಾಲು, ಕೇಳಿರುವುದು ಒಂದೇ ಪ್ರಶ್ನೆ: ಈ ಪದರ ಏಕಿದೆ? ಏಕಿದೆ ಎಂದರೆ, ಇದೇ ಕೋಡು ವಿಂಡೋಸಿನಲ್ಲೂ ಓಡಬೇಕು, ವಿಎಂವೇರ್‌ನಲ್ಲೂ ಓಡಬೇಕು. ಅದಕ್ಕಾಗಿ ಕಂಪನಿ ಮಧ್ಯದಲ್ಲೊಂದು ಅನುವಾದಕ ಪದರ ಇಟ್ಟಿದೆ, ಮೆಮೊರಿ ಕೇಳಲು ಕರ್ನೆಲ್ಲಿನ ಹೆಸರಿನ ಬದಲು ಕಂಪನಿಯ ಹೆಸರು ಹೊತ್ತ ಫಂಕ್ಷನ್ನುಗಳು. ತೆಗೆಯಿರಿ, ಎಂದು ಉತ್ತರ. ಹಳೆಯ ಕರ್ನೆಲ್ಲುಗಳಿಗಾಗಿ ಅಲ್ಲಲ್ಲಿ ಬರೆದ ‘ಆವೃತ್ತಿ ಇಷ್ಟಕ್ಕಿಂತ ಕಡಿಮೆಯಿದ್ದರೆ’ ಎಂಬ ತುಂಡುಗಳು? ತೆಗೆಯಿರಿ. ಕಂಪನಿಯ ಮ್ಯಾನೇಜ್‌ಮೆಂಟ್ ಟೂಲಿಗಾಗಿ ಮಾಡಿಕೊಂಡ ಖಾಸಗಿ ಐಓಕಂಟ್ರೋಲು? ತೆಗೆಯಿರಿ. ನಲವತ್ತು ಮಾಡ್ಯೂಲ್ ಪ್ಯಾರಾಮೀಟರು? ಅಷ್ಟನ್ನೂ ಬಳಸುವವರು ಯಾರು? ಬ್ಲಾಕ್ ಪದರ ಈಗಾಗಲೇ ಮಾಡುತ್ತಿರುವ ಕೆಲಸವನ್ನು ನೀವೇಕೆ ಮತ್ತೆ ಮಾಡುತ್ತಿದ್ದೀರಿ? ಸರಣಿಯ ಕಟ್ಟಕಡೆಯ ಪ್ಯಾಚಿನಲ್ಲಿ ಡ್ರೈವರಿನ ಸ್ವಂತ ಆವೃತ್ತಿ ಸಂಖ್ಯೆ ಏರಿಸುವ ಪದ್ಧತಿ ಸ್ಟೋರೇಜ್ ಕಂಪನಿಗಳಲ್ಲಿ ಇನ್ನೂ ಜೀವಂತ. ಚುಕ್ಕಿಗಳ ಮೇಲೆ ಚುಕ್ಕಿಯಿಟ್ಟ ಆ ಸಂಖ್ಯೆ ಕರ್ನೆಲ್ಲಿನವರಿಗೆ ಏನನ್ನೂ ಹೇಳುವುದಿಲ್ಲ, ಆದರೆ ಕಂಪನಿಯ ಸಪೋರ್ಟ್ ವಿಭಾಗ ಅದಿಲ್ಲದೆ ಫೋನೇ ಎತ್ತುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳುವ ಮಾತು: ಒಡೆಯಿರಿ. ಒಂದು ಪ್ಯಾಚು ಒಂದೇ ಕೆಲಸ ಮಾಡಬೇಕು, ಒಂದು ಸಲಕ್ಕೆ ಹದಿನೈದರ ಆಸುಪಾಸು ಸಾಕು, ಮತ್ತು ಪ್ರತಿ ಹೆಜ್ಜೆಯಲ್ಲೂ ಕರ್ನೆಲ್ ಕಂಪೈಲ್ ಆಗಬೇಕು. ವಿ4ರಲ್ಲಿ ಒಡೆದರೆ ಇನ್ನೊಬ್ಬ ವಿಮರ್ಶಕರು ವಿ5ರಲ್ಲಿ, ಇವೆರಡನ್ನು ಸೇರಿಸಿ ಎನ್ನುತ್ತಾರೆ. ಪ್ಯಾಚುಗಾರ ಇಬ್ಬರಿಗೂ ಧನ್ಯವಾದ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಧನ್ಯವಾದದ ಎಷ್ಟು ಛಾಯೆಗಳಿವೆ ಎಂದು ಅವನಷ್ಟು ಬಲ್ಲ ಇಂಗ್ಲಿಷ್ ಮೇಷ್ಟ್ರು ಸಿಗುವುದು ಕಷ್ಟ.

ಇವನಿಗೂ ಕರ್ನೆಲ್‌ಗೂ ನಡುವೆ ಮ್ಯಾನೇಜರ್ ಎಂಬ ಪ್ರಾಣಿ ಕೂತಿದೆ. ಅದರ ಎಕ್ಸೆಲ್ ಹಾಳೆಯಲ್ಲಿ ‘ಅಪ್‌ಸ್ಟ್ರೀಮ್: ಕ್ಯೂ3’, ಅಂದರೆ ಮೂರನೇ ತ್ರೈಮಾಸಿಕದಲ್ಲಿ ಕರ್ನೆಲ್ ಸೇರ್ಪಡೆ, ಎಂದು ಹಸಿರು ಬಣ್ಣದಲ್ಲಿದೆ. ಕರ್ನೆಲ್ಲಿಗೆ ಕ್ಯೂ3 ಗೊತ್ತಿಲ್ಲ. ಅದರ ಋತುಚಕ್ರವೇ ಬೇರೆ. ಒಂಬತ್ತು ಹತ್ತು ವಾರಕ್ಕೊಂದು ಬಿಡುಗಡೆ. ಮೊದಲ ಎರಡು ವಾರ ಮರ್ಜ್ ವಿಂಡೋ, ಆಗ ಟೊರ್ವಾಲ್ಡ್ಸ್, ಕರ್ನೆಲ್ಲಿನ ಒಂದೊಂದು ಭಾಗ ನೋಡಿಕೊಳ್ಳುವ ಮೇಂಟೇನರುಗಳು ಮೊದಲೇ ಕೂಡಿಟ್ಟದ್ದನ್ನು ಒಳಗೆ ಎಳೆದುಕೊಳ್ಳುತ್ತಾರೆ. ಉಳಿದ ಏಳೆಂಟು ವಾರ ಬರಿ ತಿದ್ದುಪಡಿ. ಪ್ರತಿ ಬಿಡುಗಡೆಗೂ ಹನ್ನೆರಡು ಹದಿನೈದು ಸಾವಿರ ಬದಲಾವಣೆ ಒಳಹೋಗುತ್ತವೆ, ಅದರಲ್ಲಿ ತನ್ನದೊಂದಕ್ಕೆ ಜಾಗವಿಲ್ಲವೇ ಎಂದು ಅವನ ಕೊರಗು. ಕಿಟಕಿ ತೆರೆದಿದೆಯಲ್ಲ, ಈಗಲೇ ನುಗ್ಗಿಸು ಎಂದು ಮ್ಯಾನೇಜರ್ ಉತ್ಸಾಹ ತೋರಿಸುತ್ತದೆ. ಮರ್ಜ್ ವಿಂಡೋ ತೆರೆದಿರುವ ಹೊತ್ತಿನಲ್ಲೇ ಹೊಸ ಡ್ರೈವರು ಕಳಿಸಬಾರದು ಎಂದು ಅದಕ್ಕೆ ತಿಳಿಸುವುದು ಇವನ ವೃತ್ತಿಜೀವನದ ಅತಿ ಕಠಿಣ ಪ್ರೆಸೆಂಟೇಶನ್. ಅಮೆರಿಕದ ಪಶ್ಚಿಮ ಕರಾವಳಿಯ ಭಾನುವಾರ ಮಧ್ಯಾಹ್ನ ಟೊರ್ವಾಲ್ಡ್ಸ್ ಹೊಸ ಆರ್‌ಸಿ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ, ಘೋಷಿಸಿದರೆ ಬೆಂಗಳೂರಿಗೆ ಅದು ಸೋಮವಾರ ಬೆಳಗಿನ ಜಾವ. ಅದರಲ್ಲಿ ತನ್ನ ಡ್ರೈವರು ಇರುವುದಿಲ್ಲ; ಸೋಮವಾರದ ಮೀಟಿಂಗಿಗೆ ಅವನು ಪೆಚ್ಚುಮೋರೆಯಲ್ಲೇ ಬರುವುದು ಅದಕ್ಕೆ.

ಅವನ ಸಮಾಧಾನಕ್ಕೆ ಪೂರ್ವಿಕರ ಕಥೆಗಳಿವೆ, ಅವನ್ನು ಅವನು ಹರಿಕಥೆ ದಾಸರ ಹುರುಪಿನಲ್ಲಿ ಹೇಳುತ್ತಾನೆ. ಜರ್ಮನಿಯ ಪ್ಯಾರಗಾನ್ ಕಂಪನಿ 2020ರ ಆಗಸ್ಟ್‌ನಲ್ಲಿ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್ಮಿನ ತನ್ನ ಕೋಡನ್ನು ಉಚಿತವಾಗಿ ತಂದು ಸುರಿಯಿತು, ಸುಮಾರು 27 ಸಾವಿರ ಸಾಲು, ಒಂದೇ ಪ್ಯಾಚಿನಲ್ಲಿ. ಕೊಟ್ಟದ್ದಕ್ಕೆ ಸಂತೋಷ, ಆದರೆ ಇದನ್ನು ಯಾರು ಓದುವುದು ಎಂದರು ಕರ್ನೆಲ್ಲಿನವರು. ಆಮೇಲೆ ಪ್ಯಾರಗಾನ್‌ನವರು ಒಡೆದು, ತಿದ್ದಿ, ಮತ್ತೆ ಮತ್ತೆ ಕಳಿಸಿದರು. ಮರುವರ್ಷ ಕರ್ನೆಲ್ 5.15ರಲ್ಲಿ ಸೇರುವ ಹೊತ್ತಿಗೆ ಆವೃತ್ತಿ 27 ಮುಟ್ಟಿತ್ತು. ಸಾವಿರ ಸಾಲಿಗೊಂದು ಆವೃತ್ತಿಯ ಲೆಕ್ಕ. ಅದಕ್ಕೂ ಹಿಂದೆ ವಿಯೆನ್ನಾದ ಲಿನ್‌ಬಿಟ್ ಕಂಪನಿಯ ಡಿಆರ್‌ಬಿಡಿ, ಒಂದು ಸರ್ವರಿನ ಡಿಸ್ಕನ್ನು ಜಾಲದ ಮೂಲಕ ಇನ್ನೊಂದು ಸರ್ವರಿಗೆ ಕನ್ನಡಿ ಹಿಡಿಯುವ ಡ್ರೈವರು. ಅದು ನಮಗೆ ಮುಖ್ಯ ಕರ್ನೆಲ್ ಸೇರುವ ಆಸೆ ಎಂದು 2007ರಲ್ಲೇ ವಿಧೇಯವಾಗಿ ಹೇಳಿಕೊಂಡಿತ್ತು. ಆಸೆ ಈಡೇರಿದ್ದು 2009ರ ಡಿಸೆಂಬರಿನಲ್ಲಿ.

ಅವನು ದನಿ ತಗ್ಗಿಸುವುದು ಸ್ವಂತ ಊರಿನ ಕಥೆಗೆ. ಒಂದು ಫೈಲನ್ನು ಡಿಸ್ಕಿನೊಳಗೆ ನಕಲು ಮಾಡಬೇಕಾದರೆ ಇಡೀ ದತ್ತಾಂಶವನ್ನು ಮೆಮೊರಿಗೆ ಎತ್ತಿ ಮತ್ತೆ ಇಳಿಸುವುದೇಕೆ, ಡಿಸ್ಕಿಗೇ ನೀನೇ ನಕಲು ಮಾಡಿಕೋ ಎನ್ನಬಾರದೇ? ಬಹಳ ಸರಳವಾದ ಮಾತು. ಇದನ್ನು ಕರ್ನೆಲ್‌ಗೆ ಕಲಿಸುವ ಪ್ರಯತ್ನ ಹತ್ತು ವರ್ಷಕ್ಕೂ ಹಳೆಯದು. ಸ್ಯಾಮ್‌ಸಂಗ್‌ನ ಬೆಂಗಳೂರು ಕೇಂದ್ರದ ಎಂಜಿನಿಯರುಗಳು ಕೈಹಾಕಿದ ಸರಣಿ 2024ರ ಮೇ ಹೊತ್ತಿಗೆ 20ನೇ ಆವೃತ್ತಿ ಮುಟ್ಟಿತು, ಆಗಲೂ ಹೊಸ್ತಿಲ ಹೊರಗೇ ಇತ್ತು. ಇದೇ ಕೇಂದ್ರದವರು ಎನ್‌ವಿಎಂಇ ಡಿಸ್ಕಿನ ಆದೇಶಗಳನ್ನು ಕರ್ನೆಲ್ಲಿನ ಐಓ ಯೂರಿಂಗ್ ಎಂಬ ವ್ಯವಸ್ಥೆಯ ಮೂಲಕ ನೇರ ಕಳಿಸುವ ಹಾದಿಯನ್ನು 2022ರಲ್ಲಿ, 5.19ರ ಹೊತ್ತಿಗೆ, ಒಳಗೆ ಸೇರಿಸಿ ತೋರಿಸಿದ್ದರು. ಬರಹದಲ್ಲಿ ಕೊರತೆ ಇತ್ತೆಂದಲ್ಲ. ನಕಲಿನ ಸರಣಿ ಡಿಸ್ಕಿನ ಡ್ರೈವರಿನಿಂದ ಫೈಲ್ ಸಿಸ್ಟಮ್‌ವರೆಗೆ ಎಲ್ಲರ ಹಿತ್ತಲಿಗೂ ಕಾಲಿಡುತ್ತದೆ, ಎಲ್ಲರ ಒಪ್ಪಿಗೆಯೂ ಬೇಕು.

ಮಾವನವರ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ. ಕಂಪನಿ ಕೋಡನ್ನು ದಾನವೆಂದು ತಿಳಿದಿದೆ. ಪಡೆಯುವವರಿಗೆ ಅದು ಸಾಕಬೇಕಾದ ಹಸು. ಗೋದಾನ ಮಾಡಿ ಪುಣ್ಯ ಕಟ್ಟಿಕೊಂಡು ಹೊರಟರಾಯಿತೇ, ನಾಳೆಯಿಂದ ಹುಲ್ಲು ಹಾಕುವವರು ಯಾರು? ಕರ್ನೆಲ್ಲಿನ ಒಳಗಿನ ರಚನೆ ಮನಬಂದಂತೆ ಬದಲಾಗುತ್ತದೆ. ಸ್ಟೋರೇಜ್ ನೋಡಿಕೊಳ್ಳುವ ಎಸ್‌ಸಿಎಸ್‌ಐ ಪದರ ಹಳೆಯ ದಾರಿ ಬಿಟ್ಟು ಬಹುಸರತಿಯ ದಾರಿಗೆ ಬಂದ ಮೇಲೆ, 2019ರ 5.0ರಲ್ಲಿ ಹಳೆಯದನ್ನು ಕಿತ್ತೇ ಹಾಕಿದರು. ಒಳಗಿರುವ ಡ್ರೈವರುಗಳನ್ನು ಹಾಗೆ ಹೊಸ ದಾರಿಗೆ ಹೊಂದಿಸಲು ಆ ಕಾರ್ಡಿನ ಮರ್ಮ ಬಲ್ಲವನೊಬ್ಬ ಮೇಲಿಗೆ ಉತ್ತರ ಕೊಡುತ್ತಿರಬೇಕು. ಆದ್ದರಿಂದ ವಿ1ರಿಂದ ವಿ14ರವರೆಗೆ ಪರೀಕ್ಷೆಗೆ ಕೂತಿರುವುದು ಕೋಡು ಎಂದು ಪ್ಯಾಚುಗಾರ ಭಾವಿಸಿದ್ದರೆ ಪೂರ್ತಿ ಸರಿಯಲ್ಲ. ಬೈದರೆ ಓಡಿಹೋಗುತ್ತಾನೋ, ನಿಂತು ತಿದ್ದುತ್ತಾನೋ ಎಂದೂ ವಿಮರ್ಶಕರು ನೋಡುತ್ತಿರುತ್ತಾರೆ. ಪ್ಯಾರಗಾನ್‌ನ ಎನ್‌ಟಿಎಫ್‌ಎಸ್ ಸೇರಿ ವರ್ಷ ತುಂಬುವ ಮೊದಲೇ, 2022ರ ಏಪ್ರಿಲ್‌ನಲ್ಲಿ, ಇದನ್ನು ನೋಡಿಕೊಳ್ಳುವವರ ಸದ್ದೇ ಇಲ್ಲವಲ್ಲ, ಆಗಲೇ ಅನಾಥವಾಯಿತೇ ಎಂಬ ಪ್ರಶ್ನೆ ಎದ್ದಿತು. ಆಮೇಲೆ ಅವರು ಮತ್ತೆ ಕಾಣಿಸಿಕೊಂಡರೆನ್ನಿ.

ಒಳಗೆ ಸೇರಿದರೂ ನೆಮ್ಮದಿಯಿಲ್ಲ. ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ವರ್ಷಾನುಗಟ್ಟಲೆ ಹೊರಗೆ ಕಾದು, 2024ರ ಜನವರಿಯಲ್ಲಿ ಬಿಡುಗಡೆಯಾದ 6.7ರಲ್ಲಿ ಒಳಗೆ ಬಂತು. ಬರೆದವರು ಕೆಂಟ್ ಓವರ್‌ಸ್ಟ್ರೀಟ್, ಪ್ರತಿಭಾವಂತರು, ಅದರಲ್ಲಿ ಎದುರಾಳಿಗಳಿಗೂ ಅನುಮಾನವಿಲ್ಲ. ಆದರೆ ಬರಿ ತಿದ್ದುಪಡಿಗೆ ಮೀಸಲಾದ ವಾರಗಳಲ್ಲಿ ಹೊಸ ಸೌಲಭ್ಯಗಳನ್ನೂ ಸೇರಿಸಿ ಕಳಿಸುವ ಅವರ ಅಭ್ಯಾಸಕ್ಕೆ ಟೊರ್ವಾಲ್ಡ್ಸ್ ಪದೇಪದೇ ಸಿಡುಕಿದರು. ಬಳಕೆದಾರರ ದತ್ತಾಂಶ ಉಳಿಸುವುದು ಮುಖ್ಯವೋ ನಿಮ್ಮ ಪಂಚಾಂಗವೋ ಎಂಬುದು ಓವರ್‌ಸ್ಟ್ರೀಟರ ವಾದ. ಮಾತಿಗೆ ಮಾತು ಬೆಳೆದು, 6.17ರಲ್ಲಿ ಅದಕ್ಕೆ ‘ಹೊರಗಿನವರ ನಿರ್ವಹಣೆ’ ಎಂಬ ಹಣೆಪಟ್ಟಿ ಬಿತ್ತು, 6.18ರಲ್ಲಿ ಕೋಡನ್ನೇ ತೆಗೆದುಹಾಕಿದರು. ಈ ಕಥೆ ಬಂದಾಗ ಪ್ಯಾಚುಗಾರ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅವನ ಪ್ಯಾಚು ಇನ್ನೂ ಸರತಿಯಲ್ಲಿದೆ.

ಕೊನೆಗೊಂದು ದಿನ ಮೇಂಟೇನರರಿಂದ ಒಂದು ಸಾಲಿನ ಮೇಲ್ ಬರುತ್ತದೆ: ಅಪ್ಲೈಡ್, ಥ್ಯಾಂಕ್ಸ್. ಇಷ್ಟೇ. ಅದನ್ನು ಅವನು ಪ್ರಿಂಟ್ ತೆಗೆಯುತ್ತಾನೆ. ಕೇಕು ಬರುತ್ತದೆ, ಮ್ಯಾನೇಜರ್ ಭಾಷಣ ಮಾಡುತ್ತದೆ, ಎರಡು ವರ್ಷ ಹಿಂದಿನ ಎಕ್ಸೆಲ್ ಹಾಳೆಯಲ್ಲಿ ನಡುವೆ ಕೆಂಪಾಗಿದ್ದ ಒಂದು ಚೌಕ ಮತ್ತೆ ಹಸಿರಾಗುತ್ತದೆ. ಗ್ರಾಹಕರೊಬ್ಬರು ಫೋನ್ ಮಾಡಿ, ನಮ್ಮ ಸರ್ವರಿನಲ್ಲಿರುವುದು ಐದು ವರ್ಷ ಹಳೆಯ ಕರ್ನೆಲ್, ಇದು ಅದರಲ್ಲಿ ಓಡುತ್ತದೆಯೇ ಎಂದು ಕೇಳುತ್ತಾರೆ. ತೆಗೆದುಹಾಕಿದ್ದ ಹಳೆಯ ತುಂಡುಗಳನ್ನು ಹುಡುಕಿ ಮತ್ತೆ ಅಂಟಿಸಲು ಅವನು ಹೊರಡುತ್ತಾನೆ.

ಕರ್ನೆಲ್ಲಿನ ಮೇಂಟೇನರ್ಸ್ ಫೈಲ್ 20 ಸಾವಿರ ಸಾಲು ಮೀರಿದ ದೊಡ್ಡ ವಂಶಾವಳಿ. ಅದರಲ್ಲಿ ಈಗ ಅವನ ಹೆಸರಿದೆ, ಮುಂದೆ ‘ಸಪೋರ್ಟೆಡ್’ ಎಂಬ ಪದ. ನೋಡಿಕೊಳ್ಳಲು ಇವನಿಗೆ ಯಾರೋ ದುಡ್ಡು ಕೊಡುತ್ತಿದ್ದಾರೆ ಎಂದರ್ಥ. ಬೆಂಗಳೂರಿನಲ್ಲಿ ಅಂಥ ಹೆಸರಿಗೆ ಬೆಲೆಯಿದೆ. ಆರು ತಿಂಗಳಲ್ಲಿ ಇನ್ನೊಂದು ಕಂಪನಿ ದುಪ್ಪಟ್ಟು ಸಂಬಳಕ್ಕೆ ಎತ್ತಿಕೊಂಡು ಹೋಗುತ್ತದೆ. ಹಳೆಯ ವಿಳಾಸಕ್ಕೆ ಬಂದ ಮೇಲುಗಳು ಗೋಡೆಗೆ ಬಡಿದು ಹಿಂದಿರುಗತೊಡಗುತ್ತವೆ. ಸಪೋರ್ಟೆಡ್ ಇದ್ದದ್ದು ‘ಆಡ್ ಫಿಕ್ಸಸ್’ ಆಗಿ, ನಿಧಾನವಾಗಿ ‘ಆರ್ಫನ್’ ಆಗುತ್ತದೆ. ಅವಮಾನವೇನಲ್ಲ. 2019ರಲ್ಲಿ ಫ್ಲಾಪಿ ಡ್ರೈವರಿಗೂ ಇದೇ ಗತಿ ಬಂದಿತ್ತು, ಪರೀಕ್ಷಿಸಲು ಓಡುವ ಫ್ಲಾಪಿ ಯಂತ್ರವೇ ಮೇಂಟೇನರ್ ಬಳಿ ಇರಲಿಲ್ಲ. ಅದಕ್ಕಾದರೂ ಆಮೇಲೆ ಒಬ್ಬ ಹೊಸ ಸಾಕುತಂದೆ ಸಿಕ್ಕಿದರು.

ಕಾರ್ಡಿನ ತಯಾರಿಕೆ ನಿಂತು ಕೆಲವು ವರ್ಷಗಳಾದ ಮೇಲೆ ಯಾರೋ ಪುಣ್ಯಾತ್ಮರು ಡ್ರೈವರನ್ನು ತೆಗೆದುಹಾಕುವ ಪ್ಯಾಚು ಕಳಿಸುತ್ತಾರೆ. ಸೇರಿಸುವ ಪ್ಯಾಚಿಗೆ ಎರಡು ವರ್ಷ ಓದುಗರಿರಲಿಲ್ಲ, ಅಳಿಸುವ ಪ್ಯಾಚಿಗೆ ಒಂದೇ ಮಧ್ಯಾಹ್ನದಲ್ಲಿ ಮೂವರು ವಿಮರ್ಶಕರು ಒಪ್ಪಿಗೆ ಒತ್ತಿದ್ದಾರೆ. ನೋಡಿಕೊಳ್ಳಬೇಕಾದ ಹತ್ತು ಸಾವಿರ ಸಾಲು ಕಡಿಮೆಯಾದರೆ ಯಾರಿಗೆ ಬೇಡ? 2021ರಲ್ಲಿ, 5.14ರಲ್ಲಿ, ಹಳೆಯ ಐಡಿಇ ಪದರವನ್ನು ಪೂರ್ತಿ ಕಿತ್ತಾಗಲೂ ಕಣ್ಣೀರಿಗಿಂತ ನಿಟ್ಟುಸಿರೇ ಹೆಚ್ಚಿತ್ತು. ಹಳೆಯ ನೆಂಟಸ್ತಿಕೆಯ ಮೇಲೆ ಅಳಿಸುವ ಪ್ಯಾಚಿನ ಒಂದು ಪ್ರತಿ ತನ್ನ ಹೊಸ ವಿಳಾಸಕ್ಕೂ ಬಂದದ್ದರಿಂದ, ಪ್ಯಾಚುಗಾರ ರಾತ್ರಿ ಊಟವಾದ ಮೇಲೆ ಅದನ್ನು ತೆರೆದು ಓದುತ್ತಾನೆ. ವಿರೋಧಿಸುವುದಿಲ್ಲ. ವಿವರಣೆಯ ಮೊದಲ ವಾಕ್ಯ ‘ಈ ಪ್ಯಾಚು ತೆಗೆಯುತ್ತದೆ’ ಎಂದು ಶುರುವಾಗಿದೆ, ‘ತೆಗೆ’ ಎಂದಿರಬೇಕಿತ್ತು; ದಸ್ತಾವೇಜಿನ ಪಟ್ಟಿಯಿಂದ ಡ್ರೈವರಿನ ಹೆಸರು ಕಿತ್ತಿಲ್ಲ; ಎರಡು ಪ್ಯಾಚಾಗಿ ಒಡೆದರೆ ಒಳ್ಳೆಯದು; ಇರಲಿ, ಮರ್ಜ್ ವಿಂಡೋ ತೆರೆದಿದೆ, ಎರಡು ವಾರ ಬಿಟ್ಟು ವಿ2 ಕಳಿಸಿ ಎಂದು ಬರೆದು, ತಮ್ಮ ಶ್ರಮಕ್ಕೆ ಧನ್ಯವಾದಗಳು ಎಂದು ಮುಗಿಸುತ್ತಾನೆ.